ಖಿನ್ನತೆ, ಬೈಪೋಲಾರ್ ಮತ್ತು ದೇಹದ ಗಡಿಯಾರ: ತಪ್ಪಿದ ಲಯವನ್ನು ಮರಳಿ ಹಿಡಿಯುವ ಬಗೆ

ನನ್ನ ತಮ್ಮನ ನೋಟುಬುಕ್ಕಿನ ಮೊದಲ ಪುಟದಲ್ಲಿ ಐದೇ ಸಾಲುಗಳಿವೆ. ಎದ್ದದ್ದು 11.20. ಮೊದಲ ಮಾತು 12.05, ಅಮ್ಮನ ಜೊತೆ. ಕೆಲಸ ಇಲ್ಲ. ರಾತ್ರಿ ಊಟ 11.00, ಅರ್ಧಕ್ಕೆ ಬಿಟ್ಟದ್ದು. ಮಲಗಿದ್ದು 3.30. ಬರೆದವಳು ನಾನು. ಪೆನ್ನು ಹಿಡಿಯುವಷ್ಟು ಚೈತನ್ಯವೂ ಆಗ ಅವನಲ್ಲಿ ಇರಲಿಲ್ಲ. ಮನಸ್ಸು ಕೆಲವು ಕಾಲ ತೀರಾ ಕುಸಿದು, ಕೆಲವು ಕಾಲ ವಿಪರೀತ ಏರುವ ಬೈಪೋಲಾರ್ ಕಾಯಿಲೆಯ ಖಿನ್ನತೆಯ ಹಂತ ಅದು. ಮಾತ್ರೆಗಳು ನಡೆಯುತ್ತಿದ್ದವು. ಮನೋವೈದ್ಯರು ಚೀಟಿ ಬರೆದುಕೊಟ್ಟ ಮೇಲೆ, ದಿನಕ್ಕೆ ಈ ಐದು ಸಂಗತಿಗಳ ಹೊತ್ತನ್ನು ಗುರುತು ಹಾಕಿಕೊಳ್ಳಿ ಎಂದಿದ್ದರು. ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಸಣ್ಣ ಕೆಲಸವೇ ಎಂದು ನನಗೆ ಅನಿಸಿತ್ತು. ಆ ಅನಿಸಿಕೆ ತಪ್ಪು ಎಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ದೇಹದ ದಿನದ ಲಯವನ್ನು ಸರಿಪಡಿಸಿ ಮನಸ್ಸಿನ ಏರಿಳಿತವನ್ನು ಹತೋಟಿಗೆ ತರುವ ವಿಧಾನಕ್ಕೆ ಕ್ರೋನೋಥೆರಪಿ ಎನ್ನುತ್ತಾರೆ. ಬೆಳಕು, ಕತ್ತಲೆ, ನಿದ್ದೆಯ ಹೊತ್ತು, ದಿನಚರಿ, ಈ ನಾಲ್ಕೇ ಇದರ ಸಾಧನಗಳು. ಇದು ಮಾತ್ರೆಯ ಜೊತೆಗೆ ನಡೆಯಬೇಕಾದ ಚಿಕಿತ್ಸೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು, ಪ್ರಮಾಣ ಬದಲಿಸಬಾರದು. ಬದುಕು ಬೇಡವೆನ್ನುವ ಯೋಚನೆ ಬರುತ್ತಿದ್ದರೆ ಮುಂದಿನದನ್ನೆಲ್ಲ ಪಕ್ಕಕ್ಕಿಟ್ಟು ಈಗಲೇ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆರಂಭಿಸುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ

ನಿಮಗೆ ಇರುವುದು ಬರೀ ಖಿನ್ನತೆಯೇ ಅಥವಾ ಬೈಪೋಲಾರ್ ಕಾಯಿಲೆಯೇ? ಬದುಕಿನಲ್ಲಿ ಎಂದಾದರೂ ಮೂರು ನಾಲ್ಕು ಗಂಟೆ ಮಾತ್ರ ಮಲಗಿಯೂ ಆಯಾಸವೇ ಇಲ್ಲದೆ, ತಡೆಯಿಲ್ಲದೆ ಮಾತಾಡುತ್ತ, ದುಡ್ಡು ನೀರಿನಂತೆ ಖರ್ಚು ಮಾಡುತ್ತ, ದೊಡ್ಡ ದೊಡ್ಡ ಯೋಜನೆ ಹಾಕುತ್ತ ಕೆಲವು ದಿನಗಳನ್ನು ಕಳೆದಿದ್ದೀರಾ? ಮನೆಯವರನ್ನೂ ಕೇಳಿ, ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ಉತ್ತರ ಹೌದಾದರೆ ವೈದ್ಯರಿಗೆ ಹೇಳದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. ಖಿನ್ನತೆಯನ್ನು ಎತ್ತುವ ಬೆಳಕೇ ಬೈಪೋಲಾರ್ ಇರುವವರನ್ನು ಉನ್ಮಾದಕ್ಕೆ, ಅಂದರೆ ಈಗ ಹೇಳಿದಂಥ ವಿಪರೀತ ಏರಿಕೆಗೆ, ತಳ್ಳಬಹುದು. ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು, ಬೆಳಕಿಗೆ ಚರ್ಮ ಅಥವಾ ಕಣ್ಣು ಸೂಕ್ಷ್ಮವಾಗುವಂಥ ಔಷಧಿ ತೆಗೆದುಕೊಳ್ಳುವವರು ಕಣ್ಣಿನ ವೈದ್ಯರನ್ನೂ ಕಾಣಬೇಕು.

ಗಡಿಯಾರ ಇರುವುದು ಎಲ್ಲಿ

ಎರಡೂ ಕಣ್ಣುಗಳ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಮುಖ್ಯ ಗಡಿಯಾರ ಅದೇ. ಹೊರಗಿನ ಸುಳಿವೇನೂ ಸಿಗದಿದ್ದರೆ ಮನುಷ್ಯರಲ್ಲಿ ಅದು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು, ಸುಮಾರು 24.2 ಗಂಟೆಗೆ ಒಂದು ಸುತ್ತು ಹಾಕುತ್ತದೆ. ಅಂದರೆ ತನ್ನ ಪಾಡಿಗೆ ಬಿಟ್ಟರೆ ದಿನದಿನಕ್ಕೂ ತಡವಾಗುತ್ತ ಹೋಗುವ ಗಡಿಯಾರ ಅದು. ಪ್ರತಿದಿನ ಅದಕ್ಕೆ ಕೀಲಿ ಕೊಟ್ಟು ಹೊತ್ತು ಸರಿಮಾಡುವುದು ಬೆಳಗಿನ ಬೆಳಕು. ಕಣ್ಣಿನಲ್ಲಿ ನೋಡುವ ಕೋಶಗಳಲ್ಲದೆ, ಬೆಳಕಿನ ಪ್ರಮಾಣವನ್ನು ಅಳೆದು ಈ ಗಡಿಯಾರಕ್ಕೆ ಸುದ್ದಿ ಕಳಿಸುವ ಬೇರೆ ಕೋಶಗಳಿವೆ. ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಖಿನ್ನತೆ ಇರುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಬೆಳಿಗ್ಗೆ ಎಲ್ಲಕ್ಕಿಂತ ಭಾರವಾಗಿದ್ದು ಸಂಜೆಯಾಗುತ್ತ ಮನಸ್ಸು ತುಸು ಹಗುರಾಗುವುದು, ಹಸಿವು ಹೊತ್ತು ತಪ್ಪುವುದು. ಇವೆಲ್ಲ ಗಡಿಯಾರದ ಭಾಷೆ. ಕಾಯಿಲೆ ಲಯವನ್ನು ಕೆಡಿಸುತ್ತದೆ, ಕೆಟ್ಟ ಲಯ ಕಾಯಿಲೆಯನ್ನು ಬೆಳೆಸುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಸುಲಭವಾಗಿ ಕಡಿಯಬಹುದಾದ ಜಾಗ ಬೆಳಗಿನದು.

ಮೊದಲ ಹೆಜ್ಜೆ: ಎರಡು ವಾರ ಬರೀ ಬರೆಯಿರಿ

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಮತ್ತು ಸಂಗಡಿಗರು ಬೈಪೋಲಾರ್ ಇರುವವರಿಗಾಗಿ ರೂಪಿಸಿದ ಚಿಕಿತ್ಸೆಯ ಬೆನ್ನೆಲುಬು ಈ ಐದು ಹೊತ್ತುಗಳು: ಹಾಸಿಗೆ ಬಿಟ್ಟದ್ದು, ಇನ್ನೊಬ್ಬರ ಜೊತೆ ಮೊದಲು ಒಡನಾಡಿದ್ದು, ಕೆಲಸ ಅಥವಾ ಓದು ಅಥವಾ ಮನೆಗೆಲಸ ಶುರು ಮಾಡಿದ್ದು, ರಾತ್ರಿಯ ಊಟ, ಮಲಗಿದ್ದು. ಪಕ್ಕದಲ್ಲಿ ಆ ದಿನದ ಮನಸ್ಸಿಗೆ ಒಂದು ಅಂಕಿ ಹಾಕಿ. ತೀರಾ ಕುಸಿದಿದ್ದರೆ ಮೈನಸ್ ಐದು, ತೀರಾ ಏರಿದ್ದರೆ ಪ್ಲಸ್ ಐದು, ನಡುವೆ ಸೊನ್ನೆ. ಮೊಬೈಲ್ ಆಪ್ ಬೇಡ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು, ತಿಥಿ ವಾರದ ಕೆಳಗೆ ಖಾಲಿ ಜಾಗ ಇದ್ದೇ ಇರುತ್ತದೆ.

ಈ ಎರಡು ವಾರ ಏನನ್ನೂ ತಿದ್ದಬೇಡಿ. ಎರಡು ವಾರದ ನಂತರ ಪ್ರತಿಯೊಂದರ ಸರಾಸರಿ ಹೊತ್ತು ತೆಗೆಯಿರಿ, ಆ ಸರಾಸರಿಯ ಆಚೀಚೆ 45 ನಿಮಿಷದ ಒಳಗೆ ಎಷ್ಟು ದಿನ ಬಿದ್ದಿದೆ ಎಂದು ಎಣಿಸಿ. ನಮ್ಮ ಮನೆಯ ಲೆಕ್ಕದಲ್ಲಿ ಏಳುವ ಹೊತ್ತು 14ರಲ್ಲಿ 4 ದಿನ ಮಾತ್ರ ಈ ಗೆರೆಯೊಳಗಿತ್ತು. ಮೊದಲ ಒಡನಾಟದ ಸಾಲು ಓದುವಾಗ ನನಗೆ ಗಂಟಲು ಕಟ್ಟಿತು. ಐದು ದಿನ ಅಲ್ಲಿ ಸಂಜೆ ನಾಲ್ಕರ ಆಚೆಯ ಹೊತ್ತಿತ್ತು. ಒಂದೇ ಸೂರಿನಡಿ ನಾಲ್ಕು ಜನ ಇದ್ದೂ ಅವನನ್ನು ಅಷ್ಟು ಹೊತ್ತು ಯಾರೂ ಮಾತಾಡಿಸಿರಲಿಲ್ಲ.

ಎರಡನೆಯ ಹೆಜ್ಜೆ: ಏಳುವ ಹೊತ್ತನ್ನು ಗಟ್ಟಿ ಮಾಡಿ

ಈ ಬರಹದಲ್ಲಿ ಒಂದೇ ಒಂದನ್ನು ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವುದು ‘ಬೇಗ ಮಲಗಿಕೋ’ ಎಂದು. ಆದರೆ ನಿದ್ದೆ ಕರೆದರೆ ಬರುವ ನೆಂಟನಲ್ಲ. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲ, ಏಳುವ ಹೊತ್ತು ಇದೆ. ಏಳುವ ಹೊತ್ತು ಒಂದೇ ಆದರೆ ಕೆಲವೇ ದಿನಗಳಲ್ಲಿ ಮಲಗುವ ಹೊತ್ತು ತಾನೇ ಅದರ ಹಿಂದೆ ಬರುತ್ತದೆ.

ಎಷ್ಟು ಹೊತ್ತಿಗೆ ಏಳಬೇಕು? ಬ್ರಾಹ್ಮೀ ಮುಹೂರ್ತದ ಆಸೆ ಸದ್ಯಕ್ಕೆ ಬಿಡಿ. ನಿಮ್ಮ ಎರಡು ವಾರದ ಸರಾಸರಿ ಹತ್ತು ಗಂಟೆಯಾದರೆ ಹತ್ತರಿಂದಲೇ ಆರಂಭಿಸಿ. ನಾಲ್ಕೈದು ದಿನ ದಿನವೂ ಹತ್ತಕ್ಕೇ ಎದ್ದರೆ, ಮುಂದಿನ ನಾಲ್ಕೈದು ದಿನ ಒಂಬತ್ತೂ ಮುಕ್ಕಾಲು ಅಥವಾ ಒಂಬತ್ತೂವರೆ. ಹೀಗೆ ಕಾಲು ಗಂಟೆ, ಅರ್ಧ ಗಂಟೆಯ ಲೆಕ್ಕದಲ್ಲಿ ಹಿಂದಕ್ಕೆ ತನ್ನಿ. ಭಾನುವಾರಕ್ಕೆ ವಿನಾಯಿತಿ ಇಲ್ಲ. ಭಾನುವಾರ ಮೂರು ಗಂಟೆ ಹೆಚ್ಚು ಮಲಗಿದರೆ ದೇಹಕ್ಕೆ ಅದು ಮೂರು ಗಂಟೆ ಪಶ್ಚಿಮದ ದೇಶಕ್ಕೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸು ಬಂದಂತೆ.

ಆತುರ ಪಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಅನುಭವಿಸಿದ್ದೇವೆ. ಮೂರೂವರೆಗೆ ಮಲಗುತ್ತಿದ್ದ ತಮ್ಮನನ್ನು ಅಮ್ಮ ಒಂದು ದಿನದಿಂದ ಆರು ಗಂಟೆಗೇ ಎಬ್ಬಿಸಿ, ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂರಿಸಲು ಶುರು ಮಾಡಿದರು. ಪ್ರೀತಿಯಿಂದಲೇ ಮಾಡಿದ್ದು. ಹತ್ತು ದಿನದಲ್ಲಿ ಅವನು ಮಲಗುವುದು ಐದು ಗಂಟೆಗೆ ಹೋಯಿತು, ಹಗಲೆಲ್ಲ ಮಂಪರು, ಅಂಕಿ ಮೈನಸ್ ಎರಡರಿಂದ ಮೈನಸ್ ನಾಲ್ಕು. ಕಾರಣವನ್ನು ವೈದ್ಯರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ನಾವು ಸಹಜವಾಗಿ ಏಳುವುದಕ್ಕೆ ಸುಮಾರು ಎರಡು ಗಂಟೆ ಮೊದಲು ದೇಹದ ಉಷ್ಣತೆ ಅತಿ ಕಡಿಮೆ ಇರುತ್ತದೆ. ಅದಾದ ಮೇಲೆ ಬೀಳುವ ಬೆಳಕು ಗಡಿಯಾರವನ್ನು ಮುಂಚೆಗೆ ತರುತ್ತದೆ, ಅದಕ್ಕೂ ಮೊದಲು ಬೀಳುವ ಬೆಳಕು ಇನ್ನಷ್ಟು ತಡಕ್ಕೆ ತಳ್ಳುತ್ತದೆ. ಹನ್ನೊಂದೂಕಾಲಿಗೆ ಏಳುವವನ ತಳಬಿಂದು ಒಂಬತ್ತೂಕಾಲಿನ ಸುಮಾರಿಗೆ. ಅವನ ದೇಹಕ್ಕೆ ಬೆಳಗಿನ ಆರು ಗಂಟೆ ಎಂದರೆ ನಡುರಾತ್ರಿ. ಆ ಬಿಸಿಲು ಅವನ ಪಾಲಿಗೆ ಸಂಜೆಯ ಬೆಳಕಿನ ಕೆಲಸ ಮಾಡಿತ್ತು. ಅವನು ಆಗ ನಿಜವಾಗಿ ಏಳುತ್ತಿದ್ದ ಹೊತ್ತಿನಿಂದಲೇ ಮತ್ತೆ ಆರಂಭಿಸಿದೆವು.

ಎಬ್ಬಿಸುವ ರೀತಿಯೂ ಮುಖ್ಯ. ಬೈಗುಳ ಬೇಡ, ಹೊದಿಕೆ ಎಳೆಯುವುದೂ ಬೇಡ. ಪರದೆ ಸರಿಸಿ, ಕಾಫಿ ಲೋಟವನ್ನು ಹಾಸಿಗೆಯ ಪಕ್ಕ ಇಡದೆ ಜಗಲಿಯಲ್ಲೋ ಬಾಲ್ಕನಿಯಲ್ಲೋ ಇಟ್ಟು ಹೆಸರು ಹಿಡಿದು ಕರೆಯಿರಿ. ಎದ್ದು ಹತ್ತು ಹೆಜ್ಜೆ ನಡೆದು ಹೊರಗೆ ಬಂದರೆ ಆ ದಿನದ ಅರ್ಧ ಕೆಲಸ ಆದಂತೆ.

ಮೂರನೆಯ ಹೆಜ್ಜೆ: ಎದ್ದ ಒಂದು ಗಂಟೆಯೊಳಗೆ ಬೆಳಕು

ಬೆಳಕಿನ ಪ್ರಖರತೆಯನ್ನು ಅಳೆಯುವ ಮಾನ ಲಕ್ಸ್. ಟ್ಯೂಬ್‌ಲೈಟ್ ಹಾಕಿದ ಮನೆಯೊಳಗೆ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಬೆಳಕಿರುತ್ತದೆ. ಮೋಡ ಕವಿದ ದಿನವೂ ಹೊರಗೆ ಹಲವು ಸಾವಿರ ಲಕ್ಸ್. ನೇರ ಬಿಸಿಲಿನಲ್ಲಿ 1,00,000ದವರೆಗೆ. ನಮ್ಮ ಕಣ್ಣು ಈ ವ್ಯತ್ಯಾಸವನ್ನು ಚೆನ್ನಾಗಿ ಮರೆಮಾಚುವುದರಿಂದ ಒಳಗೂ ಬೆಳಕಾಗಿಯೇ ಇದೆಯಲ್ಲ ಎನ್ನಿಸುತ್ತದೆ. ಗಡಿಯಾರಕ್ಕೆ ಅದು ಮಬ್ಬುಗತ್ತಲೆ.

ಆದ್ದರಿಂದ ಅರ್ಧ ಗಂಟೆ ಹೊರಗೆ ಇರಿ. ನಡೆಯುವ ಶಕ್ತಿ ಇದ್ದರೆ ನಡೆಯಿರಿ, ಇಲ್ಲದಿದ್ದರೆ ಕುಳಿತಿರಿ. ತಂಪು ಕನ್ನಡಕ ಬೇಡ. ಸೂರ್ಯನನ್ನು ನೇರವಾಗಿ ದಿಟ್ಟಿಸಬಾರದು, ಎಂದೂ ಬಾರದು. ಮಲೆನಾಡಿನ ಆಷಾಢದ ಮಳೆಯಲ್ಲೂ ತೆರೆದ ಜಗಲಿಯ ಅಂಚಿನಲ್ಲಿ ಕೊಡೆ ಹಿಡಿದು ಕೂತರೆ ಒಳಗಿನ ಕೋಣೆಗಿಂತ ಎಷ್ಟೋ ಪಟ್ಟು ಬೆಳಕು ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ತಾರಸಿ ಇದೆ. ಹೊರಗೆ ಬರಲು ಆಗದೇ ಇರುವವರ ಹಾಸಿಗೆಯನ್ನು ಪೂರ್ವದ ಕಿಟಕಿಯ ಬಳಿಗೆ ತನ್ನಿ. ಇಟಲಿಯ ಮಿಲಾನ್‌ನಲ್ಲಿ ಫ್ರಾಂಚೆಸ್ಕೊ ಬೆನೆದೆತ್ತಿ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೈಪೋಲಾರ್ ಖಿನ್ನತೆಗೆ ದಾಖಲಾದವರ ಪೈಕಿ ಬೆಳಗಿನ ಬಿಸಿಲು ಬೀಳುವ ಪೂರ್ವದ ಕೋಣೆಗಳಲ್ಲಿದ್ದವರು ಪಶ್ಚಿಮದ ಕೋಣೆಗಳಲ್ಲಿದ್ದವರಿಗಿಂತ ಸರಾಸರಿ 3.67 ದಿನ ಮೊದಲೇ ಮನೆಗೆ ಹೋದರು.

ಚಿಕಿತ್ಸೆಗೆಂದೇ ಪ್ರಖರ ಬೆಳಕು ಸೂಸುವ ದೀಪದ ಪೆಟ್ಟಿಗೆಗಳಿವೆ. ಈ ಬೆಳಕಿನ ಪೆಟ್ಟಿಗೆಯ ಅಗತ್ಯ ಕರ್ನಾಟಕದಲ್ಲಿ ಹೆಚ್ಚಿನವರಿಗೆ ಇಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಆದರೆ ಸ್ಟಾಕ್‌ಹೋಮ್‌ನಲ್ಲಿ ಇರುವ ಕನ್ನಡಿಗರಿಗೆ ಡಿಸೆಂಬರ್‌ನಲ್ಲಿ ಎಂಟೂ ಮುಕ್ಕಾಲರ ಸುಮಾರಿಗೆ ಬೆಳಗಾಗಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಚಳಿಗಾಲಕ್ಕೆ ಬಂದು ವಸಂತಕ್ಕೆ ಹೋಗುವ ಖಿನ್ನತೆಯನ್ನು ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿದ್ದು 1984ರಲ್ಲಿ. ಬೆಳಕಿನ ಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಪೆಟ್ಟಿಗೆ ಕೊಳ್ಳುವುದಾದರೆ ಮೂರು ಸಂಗತಿ ನೋಡಿ: 10,000 ಲಕ್ಸ್ ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ನಮೂದಿಸಿರಬೇಕು, ಅತಿನೇರಳೆ ಕಿರಣವನ್ನು ತಡೆಯುವ ಪರದೆ ಇರಬೇಕು, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಇಡಲು ಬರಬೇಕು. ಎದ್ದ ಮೇಲೆ ಅದರ ಮುಂದೆ ಅರ್ಧ ಗಂಟೆ ತಿಂಡಿ ತಿನ್ನಿ, ಪೇಪರ್ ಓದಿ. ತಲೆನೋವು, ಕಣ್ಣು ಉರಿ, ಸಿಡುಕು ಬಂದರೆ ಹೊತ್ತು ಕಡಿಮೆ ಮಾಡಿ. ಋತುವಿಗೆ ಸಂಬಂಧವಿಲ್ಲದ ಖಿನ್ನತೆಗೂ ಇದು ಫಲ ಕೊಡುತ್ತದೆ. ಕೆನಡಾದ ರೇಮಂಡ್ ಲ್ಯಾಮ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ 122 ಜನರ ಅಧ್ಯಯನದಲ್ಲಿ ಬೆಳಕು ಮತ್ತು ಖಿನ್ನತೆಗೆ ಕೊಡುವ ಫ್ಲುವೊಕ್ಸೆಟಿನ್ ಮಾತ್ರೆ ಎರಡನ್ನೂ ಪಡೆದವರೇ ಹೆಚ್ಚು ಚೇತರಿಸಿಕೊಂಡರು.

ಬೈಪೋಲಾರ್ ಇರುವವರಿಗೆ ನಿಯಮ ಬೇರೆ. ಮನಸ್ಸಿನ ಏರಿಳಿತ ತಡೆಯುವ ಮಾತ್ರೆ ನಡೆಯುತ್ತಿರಬೇಕು. ಪೆಟ್ಟಿಗೆಯ ಬೆಳಕನ್ನು ನಡುಹಗಲಿನಲ್ಲಿ, 15 ನಿಮಿಷದಿಂದ ಆರಂಭಿಸಿ ವಾರಕ್ಕಿಷ್ಟು ಏರಿಸುತ್ತಾರೆ. ಅಮೆರಿಕದಲ್ಲಿ ಡೊರೊತಿ ಸಿಟ್ ಅವರ ತಂಡ ನಡುಹಗಲಿನ 7,000 ಲಕ್ಸ್ ಬೆಳಕು ಕೊಟ್ಟಾಗ ಶೇ 68ರಷ್ಟು ಜನರ ಖಿನ್ನತೆ ಬಹುತೇಕ ಮರೆಯಾಯಿತು, ಮಬ್ಬು ಬೆಳಕು ಪಡೆದವರಲ್ಲಿ ಅದು ಶೇ 22. ಈ ಅಳತೆಯನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ನಿದ್ದೆ ಒಮ್ಮೆಲೇ ಕಡಿಮೆಯಾಗಿ ಮಾತು ಜೋರಾದರೆ ಅದೇ ದಿನ ಪೆಟ್ಟಿಗೆ ಆರಿಸಿ ಅವರಿಗೆ ಫೋನ್ ಮಾಡಿ.

ನಾಲ್ಕನೆಯ ಹೆಜ್ಜೆ: ಕತ್ತಲೆಗೂ ಒಂದು ಹೊತ್ತು

ಬೆಳಕಿನಷ್ಟೇ ಕತ್ತಲೆಯೂ ಔಷಧಿ. ರೂಢಿಯ ನಿದ್ದೆಗೆ ಸುಮಾರು ಎರಡು ಗಂಟೆ ಮುಂಚೆ ದೇಹದಲ್ಲಿ ರಾತ್ರಿಯಾಯಿತೆಂದು ಸಾರುವ ಮೆಲಟೊನಿನ್ ಹಾರ್ಮೋನು ಏರತೊಡಗುತ್ತದೆ, ಬಿಳಿಯ ಪ್ರಖರ ಬೆಳಕು ಅದನ್ನು ತಡೆಯುತ್ತದೆ. ರಾತ್ರಿ ಊಟವಾದ ಮೇಲೆ ಹಾಲ್‌ನ ಟ್ಯೂಬ್‌ಲೈಟ್ ಆರಿಸಿ ಮೂಲೆಯಲ್ಲಿ ಒಂದು ಹಳದಿ ಬಲ್ಬು ಉಳಿಸಿ. ಹಜಾರದಲ್ಲಿ ಧಾರಾವಾಹಿ ನಡೆಯುವಾಗ ಕಾಯಿಲೆ ಇರುವವರು ಪಕ್ಕದ ಕೋಣೆಯಲ್ಲಿ ರೇಡಿಯೊ ಕೇಳಬಹುದು. ಮೊಬೈಲ್‌ನಲ್ಲಿ ಬೆಳಕಿಗಿಂತ ಹೆಚ್ಚು ಕೆಡಿಸುವುದು ಅದರೊಳಗಿನ ಸುದ್ದಿ, ಜಗಳ ಎಂಬುದು ನನ್ನ ಅನುಭವ. ನಮ್ಮ ಮನೆಯಲ್ಲಿ ಒಂಬತ್ತೂವರೆಗೆ ಎಲ್ಲರ ಮೊಬೈಲೂ ಅಡುಗೆಮನೆಯ ಶೆಲ್ಫಿಗೆ ಹೋಗುತ್ತದೆ. ಒಬ್ಬನದನ್ನು ಮಾತ್ರ ಕಿತ್ತಿಟ್ಟರೆ ಅದು ಶಿಕ್ಷೆಯಾಗುತ್ತದೆ.

ಉನ್ಮಾದದ ಹಂತದಲ್ಲಿ ಕತ್ತಲೆಗೆ ಇನ್ನೂ ಹೆಚ್ಚಿನ ಬಲವಿದೆ. ನಾರ್ವೆಯಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉನ್ಮಾದಕ್ಕೆ ಆಸ್ಪತ್ರೆ ಸೇರಿದವರಿಗೆ ಮಾತ್ರೆಯ ಜೊತೆಗೆ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕವನ್ನು ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಏಳು ದಿನ ಹಾಕಿಸಿದರು. ಸಾದಾ ಗಾಜಿನ ಕನ್ನಡಕ ಹಾಕಿದವರಿಗಿಂತ ಅವರ ಉನ್ಮಾದ ಬೇಗ ಇಳಿಯಿತು. ಮನೆಯಲ್ಲಿ ಇದನ್ನು ಮಾಡುವುದಾದರೆ ವೈದ್ಯರ ಚಿಕಿತ್ಸೆಯ ಭಾಗವಾಗಿ ಮಾಡಿ.

ಐದನೆಯ ಹೆಜ್ಜೆ: ಊಟ, ಜನ, ಕೆಲಸ

ಯಕೃತ್ತಿನಂಥ ಅಂಗಗಳಿಗೂ ತಮ್ಮದೇ ಗಡಿಯಾರಗಳಿವೆ, ಅವು ಊಟದ ಹೊತ್ತನ್ನು ಅನುಸರಿಸುತ್ತವೆ. ಹಸಿವಿಲ್ಲದಿದ್ದರೂ ಎದ್ದ ಒಂದು ಗಂಟೆಯೊಳಗೆ ಅರ್ಧ ದೋಸೆಯಾದರೂ ಹೊಟ್ಟೆಗೆ ಬೀಳಲಿ. ರಾತ್ರಿಯ ಊಟ ನಿತ್ಯವೂ ಒಂದೇ ಹೊತ್ತಿಗೆ, ಮಲಗುವ ಎರಡು ಮೂರು ಗಂಟೆ ಮುಂಚೆ. ಕಾಫಿಯ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನ ಎರಡರ ನಂತರ ಕಾಫಿ, ಚಹಾ ಬಿಡುವುದು ಒಳ್ಳೆಯದು. ಹಗಲಿನ ನಿದ್ದೆ ಅರ್ಧ ಗಂಟೆ ಮೀರದಿರಲಿ.

ಮೊದಲ ಒಡನಾಟಕ್ಕೆ ಯಾರನ್ನಾದರೂ ಗೊತ್ತುಮಾಡಿ. ನಮ್ಮಲ್ಲಿ ಅದು ಹಾಲು ತರುವ ಕೆಲಸವಾಯಿತು. ಬೀದಿ ತುದಿಯ ಅಂಗಡಿಯವರಿಗೆ ತಮ್ಮನ ಕಾಯಿಲೆಯ ವಿಷಯ ತಿಳಿದಿರಲಿಲ್ಲ. ‘ಏನ್ರೀ, ಇವತ್ತು ಒಂದು ಲೀಟರಾ?’ ಎಂದು ಕೇಳುತ್ತಿದ್ದರು, ಅಷ್ಟೇ. ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ಅವನು ಮುಖ ತೊಳೆದು ಅಂಗಿ ಹಾಕಿಕೊಂಡು ಹೋಗುತ್ತಿದ್ದ.

ನಿದ್ದೆ ಬಾರದ ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ಬಿದ್ದಿರಬೇಡಿ. ಇಪ್ಪತ್ತು ನಿಮಿಷವಾಯಿತು ಎನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮತ್ತೆ ಮಲಗಿ. ಬೆಳಿಗ್ಗೆ ಮಾತ್ರ ಗೊತ್ತಾದ ಹೊತ್ತಿಗೇ ಏಳಿ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ರಾತ್ರಿಗೆ ಐದಾರು ಗಂಟೆ ಮಾತ್ರಕ್ಕೆ ಇಳಿಸಿ ನಿದ್ದೆ ಗಟ್ಟಿ ಮಾಡುವ ವಿಧಾನ ನಿದ್ರಾಹೀನತೆಗೆ ಒಳ್ಳೆಯದೇ, ಬೈಪೋಲಾರ್ ಇರುವವರು ಅದನ್ನು ಸ್ವಂತವಾಗಿ ಮಾಡಬಾರದು.

ಮನೆಯಲ್ಲಿ ಮಾಡಬಾರದ್ದು: ಜಾಗರಣೆ

ಒಂದು ಇಡೀ ರಾತ್ರಿ ಎಚ್ಚರವಿದ್ದರೆ ತೀವ್ರ ಖಿನ್ನತೆ ಮರುದಿನವೇ ಇಳಿಯುತ್ತದೆ ಎಂಬುದನ್ನು ಜರ್ಮನಿಯಲ್ಲಿ ಪ್ಫ್ಲುಗ್ ಮತ್ತು ಟೋಲೆ 1971ರಲ್ಲೇ ದಾಖಲಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇದು ನಿಜ. ಆದರೆ ಮುಂದಿನ ರಾತ್ರಿ ಮಲಗಿ ಎದ್ದೊಡನೆ ಅವರಲ್ಲಿ ಬಹುಪಾಲು ಜನ ಮತ್ತೆ ಕುಸಿಯುತ್ತಾರೆ. ಆ ಲಾಭವನ್ನು ಉಳಿಸಿಕೊಳ್ಳಲು ಯುರೋಪಿನ ಕೆಲವು ಆಸ್ಪತ್ರೆಗಳಲ್ಲಿ ಎಚ್ಚರದ ರಾತ್ರಿಗಳ ಜೊತೆಗೆ ಬೆಳಗಿನ ಬೆಳಕು, ಮುಂಚಿತ ನಿದ್ದೆ, ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಎಲ್ಲವನ್ನೂ ಹೆಣೆದು ಕೊಡುತ್ತಾರೆ. ಅದು ದಾದಿಯರ ಕಣ್ಗಾವಲಿನಲ್ಲಿ ನಡೆಯುವ ಚಿಕಿತ್ಸೆ. ಹೇಗೂ ಶಿವರಾತ್ರಿ ಇದೆಯಲ್ಲ, ಜಾಗರಣೆ ಮಾಡಿಸಿ ನೋಡೋಣ ಎಂದು ಯಾರೂ ಹೊರಡಬೇಡಿ.

ತಮ್ಮನ ಮೊದಲ ಉನ್ಮಾದ ಬಂದದ್ದೇ ಹಾಗೆ. ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ರಾತ್ರಿಯೆಲ್ಲ ಚಪ್ಪರ, ಅಡುಗೆಯವರ ಓಡಾಟ, ಬೆಳಗಿನ ಜಾವದ ಮುಹೂರ್ತ, ಮರುರಾತ್ರಿ ಬಸ್ಸಿನಲ್ಲಿ ವಾಪಸು. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾಲ್ಕಕ್ಕೆ ನಾನು ನೀರು ಕುಡಿಯಲು ಎದ್ದಾಗ ಅವನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಇಳಿಸಿ, ಒರೆಸಿ, ಎತ್ತರದ ಪ್ರಕಾರ ಜೋಡಿಸುತ್ತಿದ್ದ. ಮುಖದಲ್ಲಿ ಬೆವರು, ಬಾಯಲ್ಲಿ ಹಾಡು. ಎಷ್ಟು ಚುರುಕಾಗಿದ್ದಾನೆ ಎಂದು ನಾನು ಖುಷಿಪಟ್ಟೆ.

ಈಗ ಮದುವೆಗೂ ಹೋಗುತ್ತೇವೆ, ಬಯಲಾಟಕ್ಕೂ ಹೋಗುತ್ತೇವೆ. ಹೋಗುವ ಮೊದಲೇ ಮಲಗುವ ಜಾಗ ಗೊತ್ತುಮಾಡುತ್ತೇವೆ. ಯಕ್ಷಗಾನವನ್ನು ಮೊದಲ ಪ್ರಸಂಗದವರೆಗೆ ನೋಡಿ ಏಳುತ್ತೇವೆ. ರಾತ್ರಿ ಬಸ್ಸಿನ ಬದಲು ಹಗಲಿನ ರೈಲು. ರಮಜಾನ್ ಉಪವಾಸ ಮಾಡುವವರು ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ, ನೀರಿನ ಅಂಶ ಕಡಿಮೆಯಾದಾಗ ರಕ್ತದಲ್ಲಿ ಲಿಥಿಯಂ ಏರಬಹುದು. ಬೆಳಗಿನ ಜಾವದ ಊಟವಾದ ಸಹರಿಗೆ ಏಳಬೇಕಾದ್ದರಿಂದ ನಿದ್ದೆಯ ಹೊತ್ತೂ ಒಡೆಯುತ್ತದೆ. ತಿಂಗಳ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳಿ.

ರಾತ್ರಿ ಪಾಳಿಯವರಿಗೆ ಒಂದು ಮಾತು. ವಾರವಾರಕ್ಕೆ ಬದಲಾಗುವ ಪಾಳಿ ಎಲ್ಲಕ್ಕಿಂತ ಕೆಟ್ಟದ್ದು. ವೈದ್ಯರ ಪತ್ರ ಪಡೆದು ಹಗಲಿನ ಪಾಳಿ ಕೇಳಿ. ಸಿಗದಿದ್ದರೆ ಒಂದೇ ಪಾಳಿಯನ್ನಾದರೂ ಖಾಯಂ ಮಾಡಿಕೊಡಿ ಎನ್ನಿ. ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ಗಾಡಿಯನ್ನು ನೀವೇ ಓಡಿಸುತ್ತಿದ್ದರೆ ಮಾತ್ರ ಬೇಡ. ಕೋಣೆಗೆ ದಪ್ಪ ಪರದೆ ಹಾಕಿ.

ಎಷ್ಟು ದಿನ, ಮತ್ತು ಕೊನೆಯ ಪುಟ

ಬೆಳಕಿನ ಫಲ ಒಂದೆರಡು ವಾರದಲ್ಲಿ ಕಾಣತೊಡಗುತ್ತದೆ. ದಿನಚರಿ ನೆಲೆಯೂರಲು ತಿಂಗಳುಗಳು ಬೇಕು. ನಡುವೆ ನಾಲ್ಕು ದಿನ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಿಲ್ಲ, ಐದನೆಯ ದಿನ ಗೊತ್ತಾದ ಹೊತ್ತಿಗೆ ಏಳಿ, ಸಾಕು.

ನೋಟುಬುಕ್ಕಿನ ಕೊನೆಯ ಪುಟವನ್ನು ತಮ್ಮನೇ ಬರೆದ, ತಾನು ಸರಿಯಿದ್ದ ಒಂದು ಮಧ್ಯಾಹ್ನ. ನೀವೂ ಸರಿಯಿರುವ ದಿನವೇ ಬರೆದಿಡಿ, ಮನೆಯವರ ಮುಂದೆ ಓದಿ. ಅವನದು ಹೀಗಿದೆ: ‘ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ಮಲಗಿ, ಆದರೂ ನನಗೆ ಸುಸ್ತಾಗಿಲ್ಲ ಎಂದರೆ, ಅಕ್ಕ ಡಾಕ್ಟರಿಗೆ ಫೋನ್ ಮಾಡಲಿ. ನಾನು ಬೇಡ ಎಂದರೂ ಮಾಡಲಿ. ಎಟಿಎಂ ಕಾರ್ಡು ಅಮ್ಮನ ಕೈಗೆ ಕೊಡುತ್ತೇನೆ. ಮೂರು ದಿನ ಹತ್ತು ಗಂಟೆಯಾದರೂ ಏಳದಿದ್ದರೆ ಯಾರೂ ಬೈಯಬೇಡಿ, ಕಾಫಿಯನ್ನು ಜಗಲಿಯಲ್ಲಿ ಇಡಿ.’